ಶಾಂತಪ್ಪ ಕಟ್ಟಿದ ಕಟ್ಟೆ

ನಮ್ಮ ಚಾಳಿನಲ್ಲಿ ಮುನ್ಸಿಪಾಲ್ಟಿಗೆ ಹೆದರದ ಜೀವ ಅಂದರೆ ಗುರುಬಾಯಿ ಒಬ್ಬಳೇ. ಇಂಡಿ ತಾಲೂಕಿನ ಹಳ್ಳಿಯಿಂದ, ಮದುವೆಯಾದ ಹೊಸದರಲ್ಲೇ ಗಂಡನ ಹಿಂದೆ ಮುಂಬೈಯ ಕುರ್ಲಾಕ್ಕೆ ಬಂದವಳು. ಈಗ ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಕಟ್ಟಡ ಕೆಲಸದ ನಮ್ಮ ಜನಕ್ಕೆ ಡಬ್ಬಿ ಕೊಟ್ಟು ಬದುಕುತ್ತಾಳೆ. ನಾನು ಮೈಸೂರಿನ ಕಡೆಯವಳು, ಪರೇಲಿನ ಒಂದು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ, ಅವಳ ಪಕ್ಕದ ಖೋಲಿಯಲ್ಲಿ ವಾಸ. ನನ್ನ ಕನ್ನಡ ಅವಳಿಗೆ ಪುಸ್ತಕ ಓದಿದ ಹಾಗೆ ಕೇಳುತ್ತದಂತೆ. ಅವಳದು ಮೊದಮೊದಲು ನನಗೆ ಜಗಳದ ಹಾಗೆ ಕೇಳುತ್ತಿತ್ತು.

ಚಾಳಿನ ಎದುರಿಗೇ ಒಂದು ಬೇವಿನ ಮರ, ಅದರ ಸುತ್ತ ದುಂಡನೆಯ ಕಟ್ಟೆ. ಕಟ್ಟಿದವನು ಅವಳ ಗಂಡ ಶಾಂತಪ್ಪ. ಗೌಂಡಿ, ಅಂದರೆ ಗಾರೆ ಕೆಲಸದಲ್ಲಿ ಅವನ ಕೈ ಬಲು ಅಚ್ಚುಕಟ್ಟು. ಊರಲ್ಲಾದರೆ ಬೇವಿನ ಮರಕ್ಕೆ ಕಟ್ಟೆ ಕಟ್ಟಿ ದೇವರ ಮರ ಅನ್ನುತ್ತಾರೆ, ಇಲ್ಲಿ ಅದು ನಾಯಿ ಕಾಲೆತ್ತುವ ಮರವಾಗಿ ನಿಂತದ್ದು ಅವನಿಗೆ ಸಹಿಸಲಾಗಲಿಲ್ಲ. ಒಂದು ಭಾನುವಾರ ಶುರುಮಾಡಿ, ಕಾಂಡಕ್ಕೆ ಬೆರಳು ತೂರದಷ್ಟು ಒತ್ತಾಗಿ ಕಾಂಕ್ರೀಟ್ ತುಂಬಿ, ಮೇಲೆ ಸೈಟಿನಲ್ಲಿ ಉಳಿದ ಟೈಲ್ಸಿನ ಚೂರು ಕೂರಿಸಿದ. ಸಂದು ಬಿಟ್ಟರೆ ಇಲಿ ಸೇರುತ್ತದೆ ಎಂಬುದು ಅವನ ವಾದ. ಚಾಳಿನ ಹೆಂಗಸರು ಸಂಜೆ ಅಲ್ಲಿ ಕೂತು ಸೊಪ್ಪು ಸೋಸುವುದು, ಇದ್ದವರ ಇಲ್ಲದವರ ಮಾತಾಡುವುದು ರೂಢಿಯಾಯಿತು. ನಾನೂ ಎಷ್ಟೋ ಸಂಜೆ ಅಲ್ಲಿ ಕಾಲು ಚಾಚಿ ಕೂತಿದ್ದೇನೆ.

ಕೊರೊನಾದ ಎರಡನೇ ಬೇಸಿಗೆಯಲ್ಲಿ ಶಾಂತಪ್ಪ ಆಸ್ಪತ್ರೆಗೆ ನಡೆದುಕೊಂಡೇ ಹೋದ, ತಿರುಗಿ ಬರಲಿಲ್ಲ. ಅವರಲ್ಲಿ ಸತ್ತವರನ್ನು ಹೊಲದಲ್ಲಿ ಮಣ್ಣು ಮಾಡಿ ಗದ್ದಿಗೆ ಕಟ್ಟುತ್ತಾರೆ, ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಆ ದಿನಗಳಲ್ಲಿ ಊರಿಗೆ ಒಯ್ಯುವ ಮಾತೇ ಇರಲಿಲ್ಲ. ಇಲ್ಲೇ ಕರೆಂಟಿನ ಚಿತಾಗಾರದಲ್ಲಿ ಸುಟ್ಟರು, ಅವಳಿಗೆ ಮುಖವನ್ನೂ ತೋರಿಸಲಿಲ್ಲ. ಆಮೇಲಿನ ಅಮಾವಾಸ್ಯೆಗೆ ಗುರುಬಾಯಿ ಎಲೆಯ ಮೇಲೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ ಹಾಕಿಕೊಂಡು ಹೊರಗೆ ಬಂದು ಎಲ್ಲಿಡುವುದೆಂದು ಅತ್ತಿತ್ತ ನೋಡಿದಳು. ಆಮೇಲೆ ಅದನ್ನು ಕಟ್ಟೆಯ ಮೇಲಿಟ್ಟಳು. ಅವತ್ತಿನಿಂದ ಅವಳ ಪಾಲಿಗೆ ಅದೇ ಅವನ ಗದ್ದಿಗೆ. ಅಮಾವಾಸ್ಯೆಯ ದಿನ ಅಲ್ಲಿ ಯಾರೂ ಸೊಪ್ಪು ಸೋಸುವುದಿಲ್ಲ.

ಈ ವರ್ಷದ ಯುಗಾದಿಗೆ ಮರ ಹೂ ಬಿಡಲಿಲ್ಲ. ಅವರ ಕಡೆ ಬೇವು ಎಂದರೆ ಕುಡಿಯುವಂಥದ್ದು. ಹುಣಸೆಹುಳಿ, ಬೆಲ್ಲ, ಮಾವಿನಕಾಯಿ, ಪುಠಾಣಿ, ಮೇಲೆ ಬೇವಿನ ಹೂ. ಹೂವಿಲ್ಲದ ಬೇವನ್ನು ಎಲ್ಲರಿಗೂ ಲೋಟದಲ್ಲಿ ಕೊಟ್ಟಳು, ತಾನು ಮಾತ್ರ ಕುಡಿಯಲಿಲ್ಲ. ಒಂದು ಕಡೆಯ ಕೊಂಬೆಗಳು ಆಗಲೇ ಬೋಳಾಗಿದ್ದವು. ಮರದ ಬುಡದ ಸುತ್ತ ಒಂದು ಮೀಟರ್ ಮಣ್ಣು ತೆರೆದಿರಬೇಕು, ಮೊಳೆ ಹೊಡೆಯಬಾರದು, ದೀಪದ ಸರ ಸುತ್ತಬಾರದು ಎಂದು ನಿಯಮ ಇರುವುದನ್ನು ಪೇಪರಿನಲ್ಲಿ ಓದಿ ನಾನೇ ಅವಳಿಗೆ ಹೇಳಿದೆ. ಅವಳ ಕಣ್ಣು ನೇರ ಎದುರು ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯ ಮೇಲೆ ಹೋಯಿತು. ಪಾರ್ಕಿಂಗಿಗೆಂದು ಗಲ್ಲಿಗೆ ಕಾಂಕ್ರೀಟ್ ಹಾಕಿಸಿದವನು, ಮರಕ್ಕೆ ಬೋರ್ಡು ಜಡಿದವನು, ದೀಪಾವಳಿಗೆ ಸುತ್ತಿದ ದೀಪದ ಸರವನ್ನು ವರ್ಷವಿಡೀ ಹಾಗೇ ಬಿಟ್ಟವನು ಅವನೇ.

ಅವನ ಮೇಲೆ ದೂರು ಕೊಡಲು ವಾರ್ಡ್ ಆಫೀಸಿನ ಗಾರ್ಡನ್ ಖಾತೆಗೆ ಅಲೆದು ಅಲೆದು ಅವಳು ಚಪ್ಪಲಿ ಸವೆಸಿದಳು. ಇವತ್ತು ಸಾಹೇಬರು ಸೈಟಿಗೆ ಹೋಗಿದ್ದಾರೆ, ನಾಳೆ ಮೀಟಿಂಗು, ನಾಡಿದ್ದು ಅರ್ಜಿಯನ್ನು ಮರಾಠಿಯಲ್ಲಿ ಬರೆಸಿಕೊಂಡು ಬಾ. ಅವಳ ಮರಾಠಿ ಬಾಜಾರಿನಲ್ಲಿ ಚೌಕಾಸಿ ಮಾಡಲು ಸಾಕು, ಅರ್ಜಿಗೆ ಸಾಲದು; ನನ್ನದು ಅದಕ್ಕಿಂತ ಕಡೆ. ಹೇಗೋ ಬರೆದು ಕೊಟ್ಟೆವು. ಆಮೇಲೆ ಅವಳು ಡಬ್ಬಿಗಳನ್ನು ಕೊಟ್ಟು ಮುಗಿಸಿ ದಿನಾ ಅಲ್ಲಿ ಬೆಂಚಿನ ಮೇಲೆ ಕೂರತೊಡಗಿದಳು. ಜಗಳವಿಲ್ಲ, ಕೂಗಾಟವಿಲ್ಲ, ಸುಮ್ಮನೆ ಕೂರುವುದು. ಸರ್ಕಾರಿ ಆಫೀಸಿಗೆ ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿಲ್ಲ. ಮಳೆಗಾಲ ಹತ್ತಿರ ಬಂದಾಗ ರಂಜನಾ ಎಂಬ ಅಧಿಕಾರಿ ತಾವೇ ಬಂದರು.

ರಂಜನಾ ಮೇಡಂ ಒಳ್ಳೆಯವರು. ಮರವನ್ನು ಸುತ್ತಿ ನೋಡಿದರು, ತೊಗಟೆ ತಟ್ಟಿದರು, ಮೊಳೆಗಳನ್ನೂ ದೀಪದ ಸರವನ್ನೂ ಗುರುತು ಹಾಕಿಕೊಂಡರು. ಗುರುಬಾಯಿ ಸೆಕ್ರೆಟರಿಯ ಕಾಂಕ್ರೀಟ್ ತೋರಿಸಿದಳು. ಅದು ಬುಡದಿಂದ ದೂರವೇ ಇದೆ, ನಿಯಮ ಮೀರಿಲ್ಲ ಎಂದು ಮೇಡಂ ಹಿಂದಿಯಲ್ಲಿ ಹೇಳಿ, ಬಗ್ಗಿ ಕಟ್ಟೆಯನ್ನು ಮುಟ್ಟಿದರು. ಮರದ ಕುತ್ತಿಗೆ ಹಿಸುಕುತ್ತಿರುವುದು ಇದು. ಒಳಗೆ ತೊಗಟೆ ಕೊಳೆಯುತ್ತಿದೆ, ಬೇರಿಗೆ ನೀರು ಇಳಿಯುತ್ತಿಲ್ಲ. ಇದನ್ನು ಕಟ್ಟಿದ್ದು ಯಾರು ಎಂದು ಕೇಳಿದರು.

“ನಮ್ಮ ಮನ್ಯಾವ್ರು,” ಎಂದಳು ಗುರುಬಾಯಿ.

ಅಮಾವಾಸ್ಯೆಯ ಎಡೆಯ ವಿಷಯವನ್ನು ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಮೇಡಂ ಕಟ್ಟೆಯ ಮೇಲಿಂದ ಕೈ ತೆಗೆದರು. ಅರ್ಜಿ ವಾಪಸ್ ತೆಗೆದುಕೊಂಡರೆ ಕಟ್ಟೆಯ ತಂಟೆಗೆ ತಾನು ಬರುವುದಿಲ್ಲ, ಆದರೆ ಮರ ಒಣಗುತ್ತದೆ, ಅಪಾಯದ ಮರ ಎಂದು ಅದನ್ನು ಕಡಿಯಲು ತಾನೇ ಬರಬೇಕಾಗುತ್ತದೆ ಎಂದರು. ಯೋಚಿಸಿ ಹೇಳು ಎಂದು ಹೊರಟುಹೋದರು.

ಆ ಸಂಜೆ ಗುರುಬಾಯಿ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನಗೆ ಸಿಟ್ಟು ಬಂದಿತ್ತು. ಇಡೀ ಮುಂಬೈಯಲ್ಲಿ ನಿಯಮ ಪಾಲಿಸಲು ಇವಳೊಬ್ಬಳೇ ಸಿಕ್ಕಳೇ? ಮರ ಹೋದರೆ ಹೋಗಲಿ, ಕಟ್ಟೆ ಇರಲಿ ಎಂದು ಹೇಳಿಯೂ ಬಿಟ್ಟೆ.

“ಮರಕ್ಕ ಮರ್ಯಾದಿ ಬರ್ಲಿ ಅಂತ ಕಟ್ಟ್ಯಾರ ಅಕ್ಕಾರ ಅವ್ರು,” ಎಂದಳು. “ಮರಾನ ಕೊಂದು ಈ ಕಟ್ಟಿ ಇಟ್ಗೊಂಡು ಏನ್ ಮಾಡ್ಲಿ? ಆದ್ರ ಅವ್ರದು ಅಂತ ನನ್ನ ಕಡೆ ಮತ್ತೇನೂ ಇಲ್ರಿ.” ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಕೊನೆಗೆ ಕಟ್ಟೆ ಒಡೆಯಲು ಒಪ್ಪಿದಳು, ಆದರೆ ಅದಕ್ಕೆ ಮುನ್ಸಿಪಾಲ್ಟಿಯ ಡ್ರಿಲ್ ಮಷಿನ್ ತರಲು ಬಿಡಲಿಲ್ಲ. ಶಾಂತಪ್ಪನ ಜೊತೆ ಕೆಲಸ ಮಾಡಿದ ಗೌಂಡಿ ಯಲ್ಲಾಲಿಂಗನನ್ನು ಘಾಟ್ಕೋಪರದಿಂದ ಕರೆಸಿದಳು. ಅವನು ಉಳಿ ಇಟ್ಟು, ಸುತ್ತಿಗೆ ಎತ್ತಿ, ಹಾಗೇ ಕೆಳಗಿಳಿಸಿದ.

“ವೈನಿ, ಅಣ್ಣಾನ ಕೆಲ್ಸದ ಮ್ಯಾಲ ನಾ ಹ್ಯಾಂಗ ಸುತ್ತಿಗಿ ಹಾಕ್ಲಿ?”

ಗುರುಬಾಯಿ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಮೊದಲ ಪೆಟ್ಟು ತಾನೇ ಹಾಕಿದಳು. ಆಮೇಲೆ ತಲೆಗೆ ಬಟ್ಟೆಯ ಸಿಂಬೆ ಇಟ್ಟುಕೊಂಡು, ಒಡೆದ ಕಾಂಕ್ರೀಟನ್ನು ಬುಟ್ಟಿಯಲ್ಲಿ ಹೊತ್ತು ಹಾಕತೊಡಗಿದಳು. ಈ ಕಟ್ಟೆಗೆ ಸಿಮೆಂಟು ಕಲಸಿ ಹೊತ್ತುಕೊಟ್ಟವಳೂ ಅವಳೇ ಎಂಬುದು ಅವತ್ತು ಅವಳು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಗಂಡ ಕೈ ಚಾಚುವ ಮೊದಲೇ ಬುಟ್ಟಿ ತಲುಪಬೇಕಿತ್ತಂತೆ, ತಡವಾದರೆ ಬೈಯುತ್ತಿದ್ದನಂತೆ. ಶಾಂತಪ್ಪ ಎಷ್ಟು ಗಟ್ಟಿಯಾಗಿ ಕಟ್ಟಿದ್ದನೆಂದರೆ ಕೆಲಸ ಇಡೀ ದಿನ ಹಿಡಿಯಿತು. ಒಂದೊಂದು ತುಂಡು ಏಳಲಾರೆ ಎಂದು ಹಟ ಹಿಡಿದಾಗ ಅವಳ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು. ಅದು ಎದ್ದು ಬಂದಾಗ ಅವಳನ್ನು ನೋಡಲು ಆಗುತ್ತಿರಲಿಲ್ಲ.

ಮರುದಿನ ಮತ್ತೆ ವಾರ್ಡ್ ಆಫೀಸಿನ ಬೆಂಚು. ನಂದು ಒಡೆದಾಯಿತು, ಇನ್ನು ಎದುರಿನವನ ಮೊಳೆ ಕೀಳಿಸಿ ಎಂದು ಕೂತಳು. ಸೆಕ್ರೆಟರಿಯ ಬೋರ್ಡು ಹೋಯಿತು, ದೀಪದ ಸರವೂ ಹೋಯಿತು. ಗೆದ್ದೆಯಲ್ಲ ಗುರುಬಾಯಿ ಎಂದು ನಾನು ರೇಗಿಸಿದರೆ ಅವಳು ನಗಲಿಲ್ಲ.

ಮಳೆ ಹಿಡಿಯಿತು. ಮರ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ ಮೇಡಂ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಗುರುಬಾಯಿ ಎಡೆಯ ಎಲೆ ಹಿಡಿದು ಹೊರಗೆ ಬಂದಳು. ನಾನು ಕೊಡೆ ಹಿಡಿದು ಜೊತೆಗೆ ಹೋದೆ. ಅವಳು ಮರದ ಸುತ್ತ ಒಮ್ಮೆ ಬಂದಳು, ಮತ್ತೊಮ್ಮೆ ಬಂದಳು. ಬುಡದ ಸುತ್ತ ಎಲ್ಲ ಕಡೆ ಒಂದೇ ತರದ ಹಸಿ ಮಣ್ಣು, ನೀರು ಕುಡಿದು ಕಪ್ಪಾಗಿತ್ತು.

“ಎಲ್ಲಿ ಕುಂತೀರಿ?” ಎಂದು ಕೇಳಿದಳು. ನನ್ನನ್ನಲ್ಲ.

ಎಲೆಯ ಮೇಲಿನ ರೊಟ್ಟಿ ನೆನೆಯದ ಹಾಗೆ ನಾನು ಕೊಡೆಯನ್ನು ಅತ್ತ ಸರಿಸಿದೆ. ಅವಳು ಎಲೆಯನ್ನು ಕೆಳಗಿಡದೆ ಹಾಗೇ ನಿಂತಿದ್ದಳು.