ಗೇರ್ ಕವರ್ ಬಿಚ್ಚಿದ ದಿನ

ನನ್ನ ಗಂಡನಿಗೆ ಬಾಳ್ಳುಪೇಟೆಯಲ್ಲಿ ಲಾರಿ ರಿಪೇರಿ ಗ್ಯಾರೇಜು, ನನ್ನಣ್ಣನಿಗೆ ಸ್ವಂತ ಲಾರಿ. ತವರಿಗೆ ಹೋದರೂ ಡೀಸೆಲ್ ವಾಸನೆ, ಗಂಡನ ಮನೆಗೆ ಬಂದರೂ ಡೀಸೆಲ್ ವಾಸನೆ ಎಂದು ನೆಂಟರು ನನ್ನನ್ನು ನೋಡಿ ನಗುತ್ತಿದ್ದರು.

ಅಣ್ಣ ಸಕಲೇಶಪುರದ ಸುತ್ತಿನ ಎಸ್ಟೇಟುಗಳಿಂದ ಕಾಫಿ, ಮೆಣಸು ತುಂಬಿಕೊಂಡು ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದ. ಬರುವಾಗ ಗೊಬ್ಬರದ ಲೋಡು. ಊಟದಲ್ಲಿ, ಮಾತಿನಲ್ಲಿ, ಜಗಳದಲ್ಲಿ ಎಲ್ಲದರಲ್ಲೂ ಅವನಿಗೆ ಆತುರ. ಸ್ಟೇರಿಂಗ್ ಹಿಡಿದರೆ ಮಾತ್ರ ಬೇರೆಯೇ ಮನುಷ್ಯ. ದೋಣಿಗಲ್ ದಾಟಿ ಇಳಿಜಾರು ಶುರುವಾಗುತ್ತಿದ್ದಂತೆ ಹಾಡು ನಿಲ್ಲಿಸಿ, ಗೇರ್ ಇಳಿಸಿ, ಇಂಜಿನ್ನಿನ ಸದ್ದಿಗೇ ಕಿವಿ ಕೊಟ್ಟು ಕೂರುತ್ತಿದ್ದ. ಯಾವ ಬಸ್ಸು ಹತ್ತಿದರೂ ವಾಂತಿ ಮಾಡಿಕೊಳ್ಳುವ ಅಮ್ಮ ಅವನ ಲಾರಿಯಲ್ಲಿ ನಿದ್ದೆ ಮಾಡುತ್ತಿದ್ದಳು. ವರ್ಷಕ್ಕೊಮ್ಮೆ ಅಮ್ಮ, ಅತ್ತಿಗೆ, ಎರಡೂ ಮನೆಯ ಮಕ್ಕಳು ಎಲ್ಲರನ್ನೂ ಕ್ಯಾಬಿನ್ನಿಗೆ ತುರುಕಿಕೊಂಡು ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದ.

ಒಂದು ವರ್ಷ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಹಾಸನದ ಮೆಕ್ಯಾನಿಕ್ ಗೆಳೆಯರೊಬ್ಬರು ನನ್ನ ಗಂಡನ ಫೋನಿಗೆ ಒಂದು ವಿಡಿಯೋ ಕಳಿಸಿದರು. ಘಾಟಿಯಲ್ಲಿ ನಿಂತುಹೋದ ಲಾರಿಯೊಂದರ ಇಂಜಿನ್ನು. ಮುಂಭಾಗದ ಗೇರ್ ಕವರ್ ಒಡೆದು ಎಣ್ಣೆ ಸುರಿಯುತ್ತಿತ್ತು. "ಆ ಮಾಡಲ್ ಇಂಜಿನ್ನಿಗೆಲ್ಲ ಇದೇ ಕಾಯಿಲೆ ಕಣೋ. ನಿನ್ ಕಡೆ ಯಾರತ್ರಾದ್ರೂ ಇದ್ರೆ ಬಿಚ್ಚಿ ನೋಡು" ಎಂದು ಆ ಗೆಳೆಯರ ಮಾತು. ಕವರಿನ ಒಳಗೆ ಕಿರುಬೆರಳಿನ ತುದಿಯಷ್ಟು ದಪ್ಪದ ಒಂದು ಉಕ್ಕಿನ ಪಿನ್ ಇರುತ್ತದಂತೆ. ಇಂಜಿನ್ ಜೋಡಿಸುವಾಗ ಭಾಗಗಳು ಸರಿಯಾಗಿ ಕೂರಲೆಂದು ಕಂಪನಿಯವರು ಹಾಕುವುದು. ಅದನ್ನು ತಡೆದು ಹಿಡಿಯಲು ಮುಂದೆ ಏನೂ ಇಲ್ಲ. ವರ್ಷಗಟ್ಟಲೆ ಅದುರಿ ಅದುರಿ ಪಿನ್ನು ಹೊರಕ್ಕೆ ಸರಿಯುತ್ತದೆ. ಒಂದು ದಿನ ಹಲ್ಲುಚಕ್ರಗಳ ಮಧ್ಯೆ ಬಿದ್ದರೆ ಇಂಜಿನ್ನಿನ ಕಥೆ ಮುಗಿಯಿತು.

ಅಣ್ಣನದು ಅದೇ ಇಂಜಿನ್ನು. ನನ್ನ ಗಂಡ ಆಗಲೇ ಫೋನ್ ಮಾಡಿದರು. ಅವರಿಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಭಾವ ಎಂದೇ.

"ನಂದು ಚೆನ್ನಾಗೈತೆ ಭಾವ. ಏನಾದ್ರೂ ಆಗಿದ್ರೆ ಸದ್ದಲ್ಲೇ ನಂಗೆ ಗೊತ್ತಾಗಲ್ವ?"

"ಇದು ಸದ್ದು ಮಾಡಲ್ಲ ಭಾವ. ಬೀಳೋಗಂಟ ಸುಮ್ನೆ ಇರ್ತದೆ."

"ಸೀಸನ್ ಮುಗೀಲಿ, ತರ್ತೀನಿ."

ಸೀಸನ್ ಮುಗಿಯಿತು, ತರಲಿಲ್ಲ. ಬೇಸಿಗೆ ರಜೆಯಲ್ಲಿ ಎಂದಿನಂತೆ ಅಮ್ಮ, ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಸುಬ್ರಹ್ಮಣ್ಯಕ್ಕೆ ಹೋಗಿ ಬಂದ. ನಾನೂ ಬುತ್ತಿ ಕಟ್ಟಿ ಕಳಿಸಿದೆ. ಆ ಪಿನ್ನಿನ ವಿಷಯ ಯಾರಿಗೂ ನೆನಪಿರಲಿಲ್ಲ.

ಮಳೆಗಾಲದಲ್ಲಿ ಘಾಟಿಯ ಮಣ್ಣು ಕುಸಿದು ರಸ್ತೆ ಬಂದ್ ಆಯಿತು. ಮಾಡಲು ಬೇರೆ ಕೆಲಸವಿಲ್ಲದೆ ಅಣ್ಣ ಲಾರಿ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. "ನೋಡ್ಬುಡು ಭಾವ, ನಿಂಗೂ ಸಮಾಧಾನ ಆಗ್ಲಿ" ಎಂದು ನಗುತ್ತಲೇ ಇಳಿದ. ರೇಡಿಯೇಟರ್, ಫ್ಯಾನು, ಬೆಲ್ಟು, ಪುಲ್ಲಿ ಎಲ್ಲ ಕಳಚಿದ ಮೇಲೆ ಕವರಿನ ಸರದಿ. ಟಾರ್ಚ್ ಹಿಡಿಯಲು ನನ್ನನ್ನು ಕರೆದರು. ಎಣ್ಣೆ ಬಳಿದ ದೊಡ್ಡ ಹಲ್ಲುಚಕ್ರಗಳು ಕಂಡವು. ನನ್ನ ಗಂಡ ಬಗ್ಗಿ ಒಂದು ಚಕ್ರದ ಹಿಂದೆ ನೋಡಿ, "ಸ್ವಲ್ಪ ಕೆಳಗೆ ಹಿಡಿಯೇ" ಎಂದರು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಏನಂತೆ?" ಎಂದ ಅಣ್ಣ.

"ಬಾ ಭಾವ ಇಲ್ಲಿ. ನೀನೇ ನೋಡು."

ಅಣ್ಣ ಬಗ್ಗಿ ನೋಡಿದ. ಗೋಡೆಗೆ ಅರ್ಧ ಹೊಡೆದು ಬಿಟ್ಟ ಮೊಳೆಯ ಹಾಗೆ ಪಿನ್ನು ಹೊರಗೆ ಚಾಚಿಕೊಂಡಿತ್ತು. ಅವನು ಬೆರಳಿಟ್ಟ. ಅದು ಅಲುಗಾಡಿತು. ಇನ್ನೊಮ್ಮೆ ಮುಟ್ಟಿದ್ದೇ, ಅವನ ಅಂಗೈಗೇ ಬಂದುಬಿಟ್ಟಿತು.

ನನ್ನ ಗಂಡನಿಗೆ ಖುಷಿಯೋ ಖುಷಿ. "ನಮ್ ಪುಣ್ಯ ಭಾವ! ಸರಿಯಾದ್ ಟೈಮಿಗೆ ತಂದೆ" ಎನ್ನುತ್ತಾ ಪಿನ್ನನ್ನು ಒರೆಸಿ, ಮತ್ತೆ ಬಡಿದು ಕೂರಿಸಿದರು. ಅದು ಇನ್ನೆಂದೂ ಹೊರಬರದ ಹಾಗೆ ಪಕ್ಕದ ಬೋಲ್ಟಿನ ಕೆಳಗೆ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದರು. ಆ ಇಂಜಿನ್ನು ಕಂಪನಿಯಿಂದ ಬಂದಾಗಲೂ ಅಷ್ಟು ಭದ್ರವಾಗಿರಲಿಲ್ಲ.

ಅಣ್ಣ ಟೈರಿನ ಮೇಲೆ ಕೂತಿದ್ದ. ನಾನು ಕಾಫಿ ಕೊಟ್ಟೆ. ಕುಡಿಯಲಿಲ್ಲ.

"ಮಕ್ಕಳು ಕೂತಿದ್ರಲ್ಲೇ" ಎಂದ. "ಅಮ್ಮ ನಿದ್ದೆ ಮಾಡ್ತಿದ್ಳು. ಒಂದ್ ಚೂರೂ ಸದ್ದು ಮಾಡ್ಲಿಲ್ಲ ಅದು."

"ಬಿದ್ದಿದ್ರೂ ಇಂಜಿನ್ ನಿಲ್ತಿತ್ತು ಅಷ್ಟೆ ಭಾವ, ಬ್ರೇಕ್ ಹಿಡೀತಿತ್ತು" ಎಂದರು ನನ್ನ ಗಂಡ. ಅಣ್ಣ ತಲೆಯಾಡಿಸಿದ. ಕೇಳಿಸಿಕೊಂಡನೋ ಇಲ್ಲವೋ.

ರಸ್ತೆ ತೆರೆದ ಮೇಲೆ ಲೋಡು ತುಂಬಿಕೊಂಡು ಹೊರಟವನು ದೋಣಿಗಲ್ಲಿನಲ್ಲೇ ಲಾರಿ ನಿಲ್ಲಿಸಿ ಫೋನ್ ಮಾಡಿದ. ಇಂಜಿನ್ನಿನ ಮುಂದೆ ಏನೋ ಟಿಕ್ ಟಿಕ್ ಅಂತೈತೆ, ಬಾ ಎಂದ. ನನ್ನ ಗಂಡ ಬೈಕಿನಲ್ಲಿ ಹೋಗಿ ಕೇಳಿದರೆ ಏನೂ ಇಲ್ಲ. ಬೇರೆ ಡ್ರೈವರನ್ನು ಕರೆಸಿ ಆ ಲೋಡು ಕಳಿಸಬೇಕಾಯಿತು. ಇನ್ನೊಮ್ಮೆ ಹೀಗೇ ಆದಾಗ ಕವರ್ ಪೂರ್ತಿ ಬಿಚ್ಚಿ ತೋರಿಸಿದರು. ಪಟ್ಟಿ ಬಿಗಿಯಾಗಿ ಕೂತಿತ್ತು. ಅಣ್ಣ ಅದನ್ನು ಬೆರಳಲ್ಲಿ ಒತ್ತಿ ನೋಡಿದ, ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿದ. "ಸರಿಯಾಗೈತೆ" ಎಂದು ಒಪ್ಪಿಕೊಂಡ. ಮರುದಿನ ಘಾಟಿಯ ಬಾಯಿಗೆ ಹೋಗಿ ಮತ್ತೆ ವಾಪಸು ಬಂದ.

"ಏನಾಗ್ತದೆ ಅಣ್ಣ ನಿಂಗೆ?" ಎಂದು ಕೇಳಿದೆ.

"ಇಷ್ಟು ವರ್ಷ ಅದರ ಸದ್ದು ನಂಬ್ಕೊಂಡೇ ಇಳೀತಿದ್ದೆ ಕಣೇ. ಈಗ ಏನನ್ನ ನಂಬ್ಕೊಂಡು ಇಳೀಲಿ?"

ಕಾಲ ಕಳೆದರೆ ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗಲಿಲ್ಲ. ಮುಂದಿನ ಕೊಯ್ಲಿಗೆ ಮೊದಲೇ ಲಾರಿಯನ್ನು ಆಲೂರಿನವರೊಬ್ಬರಿಗೆ ಮಾರಿಬಿಟ್ಟ. ಈಗ ಒಂದು ಎಸ್ಟೇಟಿನ ಸ್ಟೋರಿನಲ್ಲಿದ್ದಾನೆ. ಮೂಟೆ ತೂಗಿಸುವುದು, ಬೇರೆಯವರ ಲಾರಿಗೆ ಲೋಡು ಮಾಡಿಸುವುದು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಮೈ ತುಂಬಿಕೊಂಡಿದ್ದಾರೆ ಎಂದು ಅತ್ತಿಗೆ ಹೇಳುತ್ತಾಳೆ. ಅವಳಿಗೆ ನಿಜವಾಗಿಯೂ ನೆಮ್ಮದಿ. ನನಗೆ ಮಾತ್ರ ಅವನು ನಿಧಾನವಾಗಿ ಊಟ ಮಾಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ನನ್ನ ಗಂಡ ಇಂದಿಗೂ ಕೊರಗುತ್ತಾರೆ. "ಅವನಿಗೆ ತೋರಿಸ್ಬಾರ್ದಿತ್ತು ಕಣೇ. ನಾನೇ ಕೂರಿಸಿ ಮುಚ್ಚಿ, ಎಲ್ಲ ಚೆನ್ನಾಗೈತೆ ಹೋಗು ಭಾವ ಅಂದಿದ್ರೆ ಇವತ್ತೂ ಓಡಿಸ್ತಿದ್ದ."

ಅವನ ಲಾರಿ, ಅವನಿಗೇ ಮುಚ್ಚಿಡುವುದು ಹೇಗೆ ಎಂದು ನಾನು ವಾದಿಸುತ್ತೇನೆ. ಆದರೂ ಟಾರ್ಚ್ ಹಿಡಿದ ನನ್ನ ಕೈ ಸ್ವಲ್ಪ ಅತ್ತ ತಿರುಗಿದ್ದರೆ ಎಂದು ಒಳಗೊಳಗೇ ಅನ್ನಿಸುವುದೂ ಉಂಟು.

ಹೋದ ವರ್ಷ ಆಲೂರಿನವರು ಅದೇ ಲಾರಿಯನ್ನು ಕ್ಲಚ್ ಕೆಲಸಕ್ಕೆ ತಂದು ಬಿಟ್ಟಿದ್ದರು. ಅದೇ ಭಾನುವಾರ ಅಣ್ಣ ಮನೆಗೆ ಬಂದಿದ್ದ. ಕೆಲಸ ಮುಗಿಸಿದ ನನ್ನ ಗಂಡ ಬೇಕೆಂದೇ ಅವನ ಕೈಗೆ ಕೀ ಕೊಟ್ಟರು. "ನಿಂಗೆ ಗೊತ್ತಿರೋ ಗಾಡಿ ಭಾವ. ಆಲೂರು ರಸ್ತೇಲಿ ಒಂದು ರೌಂಡ್ ಹೋಗ್ಬಾ."

ಅಣ್ಣ ಹತ್ತಿ ಕೂತ. ಸ್ಟಾರ್ಟ್ ಮಾಡಿದ. ರಸ್ತೆಯ ಅಂಚಿನವರೆಗೆ ಹೋಗಿ ನಿಂತ. ಒಂದು ಬಸ್ಸು, ಅದರ ಹಿಂದೆ ಟ್ಯಾಂಕರುಗಳು ಹಾದುಹೋದವು. ರಸ್ತೆ ಖಾಲಿಯಾಯಿತು. ಅವನು ಹೋಗಲಿಲ್ಲ. ಹಿಂದೆ ನಿಂತಿದ್ದ ಎರಡು ಜೀಪುಗಳ ಸಂದಿಯಲ್ಲಿ ಎಲ್ಲೂ ತಾಗಿಸದೆ, ಒಂದೇ ಸಲಕ್ಕೆ ರಿವರ್ಸ್ ಬಂದು ಇದ್ದ ಜಾಗದಲ್ಲೇ ಲಾರಿ ನಿಲ್ಲಿಸಿ ಇಳಿದ.

"ಕ್ಲಚ್ ಚೆನ್ನಾಗೈತೆ ಭಾವ" ಎಂದು ಕೀ ಕೊಟ್ಟು, ಕೈ ತೊಳೆಯಲು ನಲ್ಲಿಯ ಕಡೆ ಹೋದ.