ಹೊರಗಿನ ಬೆಂಚು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಎಂಟೊಂಬತ್ತು ವರ್ಷ. ಅಂದು ಕಂಡದ್ದು ಯಾವುದು, ಆಮೇಲೆ ಕೇಳಿಸಿಕೊಂಡದ್ದು ಯಾವುದು ಎಂದು ಈಗ ಬಿಡಿಸಿ ಹೇಳಲಾರೆ.

ಕಳೆದ ವಾರ ಅರಸೀಕೆರೆಯ ನಮ್ಮ ಮನೆಯಲ್ಲಿ, ಅತ್ತೆಯ ಟ್ರಂಕಿನಿಂದ ಶಾಲು ತೆಗೆಯುವಾಗ ತಳದಲ್ಲಿ ಒಂದು ಕೋಡಿನ ಬಾಚಣಿಗೆ ಸಿಕ್ಕಿತು. ಮೂಸಿದರೆ ಹಳೆಯ ಕೊಬ್ಬರಿ ಎಣ್ಣೆಯ ಕಮಟು. ಅತ್ತೆ ಎಂದರೆ ಅಪ್ಪನ ತಂಗಿ. ಹರೆಯದಲ್ಲೇ ತಲೆ ಬೋಳಿಸಿಕೊಂಡವಳು, ಇಂದಿಗೂ ಹಾಗೇ ಇರುವವಳು. ಅವಳಿಗೆ ಬಾಚಣಿಗೆ ಏಕೆ... ಆ ವಾಸನೆಯ ಜೊತೆಗೇ ಹಳೇಬೀಡಿನ ಕ್ಷೌರದಂಗಡಿಯವರು ನೆನಪಾದರು.

ಅವರ ಮನೆತನ ಹಿಂದಿನಿಂದಲೂ ಹಳೇಬೀಡಿನ ನಮ್ಮ ಮನೆಗೆ ಕ್ಷೌರ ಮಾಡಿಕೊಂಡು ಬಂದಿತ್ತು. ಸುಗ್ಗಿಯಲ್ಲಿ ರಾಗಿ ಅಳೆದುಕೊಟ್ಟರೆ ವರ್ಷವಿಡೀ ಕರೆದಾಗ ಹಿತ್ತಿಲಿಗೆ ಬರಬೇಕು. ವಿಧವೆಯರ ತಲೆ ಬೋಳಿಸುವುದೂ ಅದರಲ್ಲೇ ಸೇರಿತ್ತು. ಐವತ್ತರ ದಶಕದಲ್ಲಿ ಅವರು ಬಸ್ಸು ನಿಲ್ಲುವ ಕಡೆ ಒಂದು ಅಂಗಡಿ ಇಟ್ಟರು. ಒಂದು ಕುರ್ಚಿ, ಒಂದು ಕನ್ನಡಿ. ಯಾವ ಕೇರಿಯವರಾದರೂ ಮೊದಲು ಬಂದವರು ಮೊದಲು ಕೂರಬೇಕು. ಪುರೋಹಿತರಾದ ನಮ್ಮ ತಾತ ಅದೇ ಕಾರಣಕ್ಕೆ ಆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಆದರೆ ಅವರನ್ನು ಹಿತ್ತಿಲಿಗೆ ಕರೆಸುವುದನ್ನು ಬಿಟ್ಟಿರಲಿಲ್ಲ.

ನನಗೆ ವಿಷಮಶೀತ ಜ್ವರ ಬಂದು ಕೂದಲು ಉದುರತೊಡಗಿದಾಗ, ಸ್ಕೂಲು ಮೇಷ್ಟರಾಗಿದ್ದ ಅಪ್ಪ ತಾತನಿಗೆ ಹೇಳದೆ ನನ್ನನ್ನು ಆ ಅಂಗಡಿಗೆ ಕರೆದೊಯ್ದರು. ಪೂರ್ತಿ ತೆಗೆದುಬಿಡಿ ಅಂದರು ಅಪ್ಪ. ಅಂಗಡಿಯವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಎಲ್ಲೀಗಂಟ ತೆಗೀಲಿ ಪುಟ್ಟಮ್ಮ?" ಎಂದು ಕೇಳಿದರು. ನಾನು ಕಿವಿ ಮುಟ್ಟಿ ತೋರಿಸಿದೆ. ಅಲ್ಲಿಗೇ ನಿಲ್ಲಿಸಿದರು. ಕನ್ನಡಿ ಇಟ್ಟ ಮೇಲೆ ಕೇಳುವುದು ಕಲಿತೆ, ಕೂತವರು ತಮ್ಮನ್ನು ತಾವು ನೋಡಿಕೊಳ್ಳುತ್ತಿರುವಾಗ ಕೇಳದೆ ಕತ್ತರಿ ಹಾಕಲು ಕೈ ಬರುವುದಿಲ್ಲ ಎಂದು ಅಪ್ಪನಿಗೆ ಹೇಳಿದರು.

ಅದೇ ವರ್ಷವಿರಬೇಕು, ಗಂಡಸಿ ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದ ಅತ್ತೆಯ ಗಂಡ ತೀರಿಕೊಂಡರು. ತಾತ ಅತ್ತೆಯನ್ನು ಕರೆತಂದರು. ಕೂದಲು ತೆಗೆಸುವುದು ಬೇಡವೆಂದು ಅಪ್ಪ ಒಂದು ವಾರ ವಾದಿಸಿ ಸೋತರು. ಅತ್ತೆ ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಜಡೆ ನೆಲಕ್ಕೆ ತಾಗುತ್ತಿತ್ತು... ಅಥವಾ ಅಷ್ಟು ಉದ್ದವಿರಲಿಲ್ಲವೋ ಏನೋ.

ಅಂದು ಬಾವಿಕಟ್ಟೆಯ ಹತ್ತಿರ ಮಣೆ ಹಾಕಿ ಅತ್ತೆಯನ್ನು ಕೂರಿಸಿದ್ದರು. ತಾತ, ಅಜ್ಜಿ, ಅಪ್ಪ, ಬಂಧುಗಳು ಸುತ್ತ ನಿಂತಿದ್ದರು. ನಾನು ಹಿತ್ತಿಲ ಬಾಗಿಲಲ್ಲಿದ್ದೆ. ಅಂಗಡಿಯವರು ಬಂದರು. ಚೀಲ ಬಿಚ್ಚಲಿಲ್ಲ.

"ನಿಮ್ಮನ್ನೇ ಕೇಳ್ತಾ ಇವ್ನಿ ಅಮ್ಮ. ತೆಗೀಲಾ, ಬ್ಯಾಡ್ವಾ?"

"ಅವಳನ್ನೇನೋ ಕೇಳೋದು? ನಿನ್ನ ಕೆಲಸ ನೋಡು" ಅಂದರು ತಾತ.

"ಅಂಗಡೀಲಿ ಎಲ್ಲಾರ್ನೂ ಕೇಳ್ತೀನಿ ಸ್ವಾಮಿ. ಇಲ್ಲಿ ಕೇಳ್ದೆ ಹೆಂಗೆ ಕೈ ಹಾಕ್ಲಿ?"

ಅತ್ತೆ ಒಂದು ಸಲ ಸುತ್ತ ನಿಂತವರ ಕಾಲುಗಳನ್ನು ನೋಡಿದಳು. ಆಮೇಲೆ, "ತೆಗೀರಿ" ಅಂದಳು. ಇದೊಂದು ಮಾತು ಮಾತ್ರ ನಾನೇ ಕೇಳಿಸಿಕೊಂಡದ್ದು ಎಂಬ ನಂಬಿಕೆ ನನಗಿದೆ. ಅವರು ಚೀಲ ಬಿಚ್ಚಿದರು. ಆಮೇಲೆ ಕೂತು ಕತ್ತಿ ಮಸೆದರು. ಕೇಳಿದ ಮೇಲೆ, ಉತ್ತರ ಬಂದ ಮೇಲೆ, ಇನ್ನೇನು ಮಾಡಲು ಸಾಧ್ಯವಿತ್ತು ಅವರಿಗೆ?

ಮುಂದಿನ ತಿಂಗಳು ಅವರು ಹಿತ್ತಿಲಿಗೆ ಬರಲಿಲ್ಲ. ಹೇಳಿ ಕಳಿಸಿದರೂ ಬರಲಿಲ್ಲ. ಆ ಸುಗ್ಗಿಗೆ ರಾಗಿಗೂ ಬರಲಿಲ್ಲ. ತಾತ ಬೇಲೂರಿನಿಂದ ಬೇರೊಬ್ಬನನ್ನು ಗೊತ್ತು ಮಾಡಿದರು. ಅವನು ಏನನ್ನೂ ಕೇಳುತ್ತಿರಲಿಲ್ಲ.

ಅಪ್ಪ ಮತ್ತೊಮ್ಮೆ ನನ್ನನ್ನು ಅಂಗಡಿಗೆ ಕರೆದೊಯ್ದಾಗ ಹೊರಗೆ ಗೋಡೆಗೆ ಒರಗಿಸಿ ಒಂದು ಬೆಂಚು ಹಾಕಿತ್ತು. "ನೀವು ಆಚೆ ಕುಂತ್ಕಳಿ ಮೇಷ್ಟ್ರೇ" ಅಂದರು.

"ನನ್ನ ಮಗಳನ್ನ ಕೇಳೋಕೆ ನನ್ನೇ ಆಚೆ ಹಾಕ್ತೀರೇನ್ರೀ?" ಅಪ್ಪ ನಕ್ಕರು.

ಅವರು ನಗಲಿಲ್ಲ. "ಕೇಳಿದ್ರೆ ಸಾಲ್ದು. ಯಾರ ಎದುರಿಗೆ ಕೇಳ್ದೆ ಅನ್ನೋದೂ ಐತೆ."

ಅಪ್ಪ ಹೋಗಿ ಬೆಂಚಿನ ಮೇಲೆ ಕೂತರು. ಬೆಳೆಯಲು ಬಿಡಿ ಎಂದೆ ನಾನು. ಅವರು ಹೊದಿಸಿದ್ದ ಬಟ್ಟೆ ಕೊಡವಿ ನನ್ನನ್ನು ಹಾಗೇ ಕುರ್ಚಿಯಿಂದ ಇಳಿಸಿದರು. ಆ ಬೆಂಚಿನಿಂದಾಗಿ ಸಿಟ್ಟಾಗಿ ಹೋದ ತಂದೆಯರೂ ಇದ್ದರಂತೆ. ಬೆಂಚು ಮಾತ್ರ ಅಲ್ಲೇ ಇತ್ತು.

ನಾನು ಮೈಸೂರಿನಲ್ಲಿ ಓದು ಮುಗಿಸಿ ಬರುವಷ್ಟರಲ್ಲಿ ಆ ಅಂಗಡಿಯವರು ತೀರಿಕೊಂಡಿದ್ದರು. ಅಂಗಡಿಯಿದ್ದ ಜಾಗದಲ್ಲಿ ಸೈಕಲ್ಲು ರಿಪೇರಿ ಮಾಡುತ್ತಿದ್ದರು. ತಾತನೂ ಹೋದರು. ಆಗಲೂ ಅತ್ತೆ ಕೂದಲು ಬೆಳೆಸಲಿಲ್ಲ. ಬೇಡವೆಂದು ನಾವು ಹೇಳಿದರೂ ತಿಂಗಳು ತಿಂಗಳು ತಪ್ಪದೆ ತೆಗೆಸಿದಳು. ಅದು ಅವಳ ಇಷ್ಟವೆಂದು ನಾನು ಅಂದುಕೊಂಡಿದ್ದೆ, ಬಾಚಣಿಗೆ ಸಿಗುವವರೆಗೆ.

ಅಂದು ನಮ್ಮ ಮನೆಯವರನ್ನೂ ಮಗಳನ್ನೂ ಜಗಲಿಗೆ ಕಳಿಸಿ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಬಾಚಣಿಗೆಯನ್ನು ಅತ್ತೆಯ ಕೈಗಿಟ್ಟೆ. ಅವಳು ಏನು ಹೇಳಿದರೂ ಆ ಅಂಗಡಿಯವರಿಗೆ ತಿಳಿಸಲು ಈಗ ದಾರಿಯಿಲ್ಲ. ಆದರೂ ಕೇಳಿದೆ.

"ಅವತ್ತು ಹಿತ್ತಿಲಲ್ಲಿ ನೀನೂ ಅವರೂ ಇಬ್ಬರೇ ಇದ್ದಿದ್ದರೆ ಏನು ಹೇಳ್ತಿದ್ದೆ ಅತ್ತೆ?"

ಅತ್ತೆ ಹೆಬ್ಬೆರಳಿನಿಂದ ಅದರ ಹಲ್ಲುಗಳನ್ನು ಸವರುತ್ತಾ ಕೂತಳು. ಆಮೇಲೆ ಅದನ್ನು ಟ್ರಂಕಿಗೆ ಹಾಕದೆ ತನ್ನ ದಿಂಬಿನ ಕೆಳಗಿಟ್ಟುಕೊಂಡಳು.