ಖಾಲಿ ಹೊಡೆದ ಕೋವಿ

ಆಗೆಲ್ಲ ಗಾಳಿ ಕೋವಿ ಎಂದರೆ ಒಂದೇ ಜಾತಿ. ನಳಿಗೆಯನ್ನು ಮಂಡಿಗೆ ಒತ್ತಿ ಮಡಚಬೇಕು, ಒಳಗಿನ ಸ್ಪ್ರಿಂಗ್ ಕಿರ್ರೆಂದು ಹಿಂದೆ ಸರಿದು ಕೊಂಡಿಗೆ ಸಿಕ್ಕಿಕೊಳ್ಳಬೇಕು, ಗುಂಡಿಟ್ಟು ನಳಿಗೆ ನೇರ ಮಾಡಿ ಹೊಡೆಯಬೇಕು. ಇನ್ನೊಂದು ಗುಂಡಿಗೆ ಮತ್ತೆ ಅಷ್ಟೇ ಕೆಲಸ. ಮಿರ್ಲೆ ಪಕ್ಕದ ನಮ್ಮ ಊರಿನಲ್ಲಿ ಅದನ್ನು ಹಕ್ಕಿ ಕೋವಿ ಎನ್ನುತ್ತಿದ್ದರು. ಇದು ಬೇಕೋ ಅದು ಬೇಕೋ ಎಂದು ಆರಿಸುವ ಗೋಜು ಯಾರಿಗೂ ಇರಲಿಲ್ಲ. ನಿಮ್ಮಲ್ಲಿ ನನ್ನ ವಯಸ್ಸಿನವರಿದ್ದರೆ ಆ ಕಿರ್ರೆನ್ನುವ ಸದ್ದು ಈಗಲೂ ಮೊಣಕೈಯಲ್ಲಿ ಇದ್ದೀತು.

ಈಗ ಎರಡು ಜಾತಿ ಬಂದಿವೆ. ಮೊಮ್ಮಗಳು ಮೇಘನಾ ಮೈಸೂರಿನಲ್ಲಿ ಕಾಲೇಜು ಓದುತ್ತಾ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದಾಳೆ. ಸ್ವಂತಕ್ಕೆ ಒಂದು ಏರ್ ರೈಫಲ್ ಬೇಕೆಂದು ಹುಣಸೂರಿನಿಂದ ನನ್ನನ್ನು ಕರೆಸಿಕೊಂಡು ಅಂಗಡಿಗೆ ಹೋದಳು.

"ನೀನು ಚಿಕ್ಕವನಿದ್ದಾಗ ಕೋವಿ ಹಿಡಿದಿದ್ದೆ ಅಂತೀಯಲ್ಲ ತಾತ. ಯಾವುದು ತಗೊಳ್ಳಲಿ ಹೇಳು."

ಅಂಗಡಿಯ ಹುಡುಗ ಎರಡನ್ನೂ ಗಾಜಿನ ಮೇಲೆ ಇಟ್ಟ. "ಇದು ಸ್ಪ್ರಿಂಗ್‌ದು ಸರ್. ಪ್ರತಿ ಸಲ ಮಡಚಬೇಕು, ಹೊಡೆದಾಗ ಸ್ವಲ್ಪ ಒದೆಯುತ್ತೆ. ಆದ್ರೆ ಪಂಪು, ಸಿಲಿಂಡರು ಯಾವುದರ ತಲೆನೋವೂ ಇಲ್ಲ. ಇದು ಪಿಸಿಪಿ. ಗಾಳಿ ಮೊದಲೇ ತುಂಬಿಟ್ಟಿರ್ತೀವಿ. ಒಂದು ಸಲ ತುಂಬಿದ್ರೆ ಹೊಡೀತಾನೇ ಇರಬಹುದು. ಕೈ ಅಲುಗಲ್ಲ."

"ಗುಂಡಿಲ್ಲದೆ ಹೊಡೆದರೆ?" ಎಂದು ಕೇಳಿದೆ.

"ಪಿಸಿಪಿ ಆದ್ರೆ ಏನೂ ಆಗಲ್ಲ, ಗಾಳಿ ಹೋಗುತ್ತೆ ಅಷ್ಟೆ. ಸ್ಪ್ರಿಂಗ್‌ದನ್ನ ಮಾತ್ರ ಖಾಲಿ ಹೊಡೀಬಾರ್ದು. ಒಳಗೆ ಹಾಳಾಗುತ್ತೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದೆ. ಆ ಹುಡುಗ ಮತ್ತೆ ಅದನ್ನೇ ಹೇಳಿದ. ಮೇಘನಾ ನಕ್ಕು, "ತಾತಂಗೆ ಕಿವಿ ಸ್ವಲ್ಪ ಮಂದ" ಎಂದಳು. ನನ್ನ ಕಿವಿ ಚೆನ್ನಾಗಿಯೇ ಇದೆ. ಯಾವುದನ್ನೂ ಆರಿಸದೆ ಹೊರಗೆ ಬಂದೆ. ಯಾಕೆಂದು ಅವಳಿಗೆ ಇನ್ನೂ ಹೇಳಿಲ್ಲ. ಮೊದಲು ಇಲ್ಲಿ ಹೇಳಿಕೊಳ್ಳುತ್ತೇನೆ.

ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ನಾಲೆಯ ನೀರು ಹತ್ತದ ಮೇಲ್ಹೊಲದಲ್ಲಿ ಅಪ್ಪ ಬಿಳಿಜೋಳ ಹಾಕಿದ್ದರು. ಕಾರ್ತಿಕ ಕಳೆಯುವ ಹೊತ್ತಿಗೆ ತೆನೆ ಹಾಲುಗಟ್ಟಿ, ಗಿಣಿಗಳ ಹಿಂಡು ಇಳಿಯತೊಡಗಿತು. ಕುಕ್ಕಿದ್ದಕ್ಕಿಂತ ಕಡಿದು ಬೀಳಿಸಿದ್ದೇ ಹೆಚ್ಚು. ತಗಡು ಬಡಿದೆವು, ಬೆದರುಬೊಂಬೆ ನಿಲ್ಲಿಸಿದೆವು. ಆ ಬೊಂಬೆಯ ತಲೆಯ ಮೇಲೇ ಕೂತು ಜೋಳ ಸುಲಿದವು. ಊರಿನಲ್ಲಿ ಬೇರೆಯವರು ಕವಣೆ ಬೀಸುತ್ತಿದ್ದರು. ನಮ್ಮದು ಲಿಂಗ ಕಟ್ಟಿದ ಮನೆ. ಹಕ್ಕಿಯನ್ನು ಓಡಿಸಬಹುದು, ಅದಕ್ಕೆ ಕಲ್ಲು ತಗುಲಬಾರದು ಎಂಬುದು ಅಪ್ಪನ ಕಟ್ಟುನಿಟ್ಟು.

ಕೆ.ಆರ್. ನಗರದ ಸಂತೆ ಬೀದಿಯಲ್ಲಿ ಖಾದರ್ ಸಾಬ್ರು ಎಂಬುವರಿದ್ದರು. ಬೀಗ, ಸೀಮೆಎಣ್ಣೆ ಸ್ಟೌ, ಟಾರ್ಚು ರಿಪೇರಿ ಮಾಡುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಸಂತೆಗಳಲ್ಲಿ ಬಲೂನು ಕಟ್ಟಿದ ಹಲಗೆ ನಿಲ್ಲಿಸಿ, ತಮ್ಮ ಒಂದೇ ಒಂದು ಹಕ್ಕಿ ಕೋವಿಯಿಂದ ಜನರ ಕೈಲಿ ಗುರಿ ಹೊಡೆಸುತ್ತಿದ್ದರು. ಅಪ್ಪನಿಗೂ ಅವರಿಗೂ ಬಹಳ ಸ್ನೇಹ. ಸಂತೆಗೆ ಹೋದರೆ ಅಪ್ಪನ ಚೀಲ ಇರುತ್ತಿದ್ದದ್ದು ಅವರ ಅಂಗಡಿಯಲ್ಲಿ, ಕಾಫಿ ಕುಡಿಯುತ್ತಿದ್ದದ್ದು ಅವರ ಜೊತೆಯಲ್ಲಿ. ಸಂಕ್ರಾಂತಿವರೆಗೆ ಕೋವಿ ಸುಮ್ಮನೆ ಇರುತ್ತದೆ, ಒಯ್ಯಿರಿ ಎಂದು ಅವರೇ ಹೇಳಿದ್ದರಂತೆ. ತರಲು ಅಪ್ಪ ನನ್ನನ್ನು ಕಳಿಸಿದರು.

ಸಾಬ್ರು ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತುವ ಮೊದಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಇಲ್ನೋಡು ಬೇಟಾ. ಒಳಗೆ ಸ್ಪ್ರಿಂಗ್ ಐತೆ, ಅದರ ಮುಂದೆ ತೊಗಲಿನ ಬಿಲ್ಲೆ. ಮುಂದ್ಗಡೆ ಗುಂಡಿದ್ರೆ ಗಾಳಿ ತಡ್ಕತದೆ, ಬಿಲ್ಲೆಗೆ ಮೆತ್ತೆ ಆಕ್ದಂಗೆ. ಗುಂಡಿಲ್ದೆ ಬುಟ್ರೆ ಬಿಲ್ಲೆ ಸೀದಾ ಕಬ್ಣಕ್ಕೆ ತಲೆ ಚಚ್ಕತದೆ. ಖಾಲಿ ಒಡೀಬ್ಯಾಡ. ನಿಮ್ಮಪ್ಪಂಗೂ ಹೇಳು."

"ಊಂ ಸಾಬ್ರೆ."

"ಏನ್ ಹೇಳ್ದೆ ನಾನು? ತಿರ್ಗಾ ಹೇಳು."

"ಖಾಲಿ ಒಡೀಬಾರ್ದು. ಅಪ್ಪಂಗೂ ಹೇಳ್ಬೇಕು."

"ಶಾಬಾಸ್. ಗಿಣಿಗೆ ಗುರಿ ಇಡ್ಬ್ಯಾಡ, ನಿಮ್ಮಪ್ಪ ನನ್ನ ಚರ್ಮ ಸುಲಿತಾನೆ. ಆಕಾಶಕ್ಕೆ ಒಡಿ" ಎಂದು ಸೀಸದ ಗುಂಡಿನ ಡಬ್ಬಿಯನ್ನು ಜೇಬಿಗೆ ಹಾಕಿ, ಕಡಲೆಮಿಠಾಯಿ ಕೊಟ್ಟು ಬಸ್ಸು ಹತ್ತಿಸಿದರು.

ಮನೆಗೆ ಬಂದು ಗಂಟು ಬಿಚ್ಚಿದೆ. ಅಪ್ಪ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು.

"ಇದೇನ್ಲಾ?"

"ಗುಂಡು ಕಣಪ್ಪ. ಆಕಾಶಕ್ಕೆ ಒಡೀಬೇಕಂತೆ."

"ಆಕಾಶಕ್ಕೆ ಒಡೆದ್ರೆ ಆಕಾಶದಲ್ಲೇ ನಿಂತಾತಾ? ಎಲ್ಲಾದ್ರೂ ಒಂದ್ ಜೀವದ ಮ್ಯಾಲೆ ಬೀಳ್ತದೆ. ಇದು ಬ್ಯಾಡ. ನಮ್ಗೆ ಸದ್ದು ಸಾಕು" ಎಂದು ಡಬ್ಬಿಯನ್ನು ತೊಲೆಯ ಸಂದಿಗೆ ಸೇರಿಸಿಬಿಟ್ಟರು.

ಆಗಲೇ ನಾನು ಹೇಳಬೇಕಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅಪ್ಪ ಏನನ್ನುತ್ತಿದ್ದರೆಂದೂ ಗೊತ್ತಿತ್ತು: "ಅಂಗಾರೆ ನಮ್ಗ್ಯಾಕ್ಲಾ ಅದು, ನಾಳೀಕೆ ಕೊಟ್ಬುಟ್ ಬಾ." ಕೋವಿ ನನ್ನ ತೊಡೆಯ ಮೇಲಿತ್ತು. ಹರಳೆಣ್ಣೆಯ ವಾಸನೆ, ಮರದ ಹಿಡಿಯ ತಣ್ಣನೆಯ ನುಣುಪು. ಗುಂಡು ಹಾಕಿದರೆ ಜೀವಕ್ಕೆ ಕೇಡು, ಹಾಕದಿದ್ದರೆ ಕೋವಿಗೆ ಕೇಡು ಎಂದು ತಲೆ ಸುತ್ತಿದಂತಾಯಿತು ಎಂದು ಈಗ ಬರೆಯಬಹುದು. ನಿಜ ಹೇಳಬೇಕೆಂದರೆ ಆಗ ಅಷ್ಟೆಲ್ಲ ಯೋಚನೆ ಇರಲಿಲ್ಲ. ಕೋವಿ ನನ್ನ ಹತ್ತಿರ ಉಳಿಯಬೇಕಿತ್ತು, ಅದಕ್ಕೆ ಸುಮ್ಮನಾದೆ.

ಆ ಜೋಳದ ಕಾಲದಂಥ ಸುಖವನ್ನು ಮತ್ತೆ ನಾನು ಕಾಣಲಿಲ್ಲ. ಮುಂಜಾನೆ ಮಂಜಿನಲ್ಲಿ ಹೊಲದ ಅಟ್ಟಣೆ ಹತ್ತುವುದು. ಗಿಣಿ ಇಳಿದ ಕೂಡಲೆ ನಳಿಗೆ ಮಡಚಿ ಟಪ್ಪೆಂದು ಬಿಡುವುದು. ಹಿಂಡು ಹಸಿರು ಸೆರಗು ಝಾಡಿಸಿದಂತೆ ಎದ್ದು ಹೋಗುವುದು. ಎಣ್ಣೆ ಹೆಚ್ಚಾಗಿ ಬಿಟ್ಟ ದಿನ ನಳಿಗೆಯ ಬಾಯಲ್ಲಿ ನೀಲಿ ಹೊಗೆಯೂ ಬರುತ್ತಿತ್ತು, ಕರಿದ ವಾಸನೆ. ಬಿಸಿಲೇರಿದರೆ ಹಾಲುತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಬೆಲ್ಲ ಕಚ್ಚಿಕೊಂಡು ತಿನ್ನುತ್ತಿದ್ದೆವು. ಮಧ್ಯಾಹ್ನ ಅವ್ವ ತರುತ್ತಿದ್ದ ಮುದ್ದೆ, ಹುಚ್ಚೆಳ್ಳು ಚಟ್ನಿ.

ಊರಿನ ಹುಡುಗರೆಲ್ಲ ಅಟ್ಟಣೆಯ ಕೆಳಗೆ ಸೇರುತ್ತಿದ್ದರು. ಒಣಗಿದ ಎಲೆಯನ್ನು ನಳಿಗೆಯ ಬಾಯಿಗೆ ಹಿಡಿದು ಹಾರಿಸುವುದು ನಮ್ಮ ಆಟ.

"ನಂಗೊಂದ್ಕಿತ ಕೊಡ್ಲಾ, ಸೀಬೆಕಾಯ್ ಕೊಡ್ತೀನಿ."

"ನಿನ್ ಸೀಬೆಕಾಯಲ್ಲಿ ಉಳ ಐತೆ ಕಣೋ. ಓಗಿ ಒಳ್ಳೇದು ತಕಂಡ್ ಬಾ."

ಹೀಗೆ ಗಿಣಿ ಇದ್ದಾಗಲೂ ಹೊಡೆದೆವು, ಇಲ್ಲದಾಗಲೂ ಹೊಡೆದೆವು. ಎಲ್ಲವೂ ಖಾಲಿ.

ತೆನೆ ಬಲಿಯುವ ಹೊತ್ತಿಗೆ ಸದ್ದು ಬದಲಾಯಿತು. ಟಪ್ಪೆನ್ನುತ್ತಿದ್ದದ್ದು ಠಣ್ಣೆನ್ನತೊಡಗಿತು, ಬಿಂದಿಗೆಗೆ ಕಲ್ಲು ಬಿದ್ದಂತೆ. "ಈಗ ಜೋರಾಗೈತೆ ಕಣ್ಲಾ" ಎಂದು ಹುಡುಗರು ಕುಣಿದರು. ಒಳಗೆ ಏನಾಗುತ್ತಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನೂ ಕುಣಿದೆ. ಕೊಯ್ಲು ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ ನಳಿಗೆ ಮಡಚಿದರೆ ಕಿರ್ರೆನ್ನಲಿಲ್ಲ. ಮುರಿದ ಕೈಯಂತೆ ಜೋತುಬಿತ್ತು.

ಅಪ್ಪ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಒಂದು ಚೀಲ ಅವರೆಕಾಯಿಯ ಜೊತೆ ಅಂಗಡಿಗೆ ಒಯ್ದರು. ನನ್ನನ್ನೂ ಕರೆದುಕೊಂಡು ಹೋದರು. ಸಾಬ್ರು ತಿರುಪು ಬಿಚ್ಚಿದರು. ತೊಗಲಿನ ಬಿಲ್ಲೆ ಪುಡಿಪುಡಿಯಾಗಿ ಗೋಣಿಯ ಮೇಲೆ ಉದುರಿತು. ಹಿಂದೆಯೇ ಸ್ಪ್ರಿಂಗ್ ಎರಡು ತುಂಡಾಗಿ ಬಂತು.

"ಖಾಲಿ ಒಡೆದ್ರಾ ಮಾದಪ್ಪನೋರೆ?"

"ಊಂ ಸಾಬ್ರೆ. ಒಂದ್ ಗುಂಡೂ ಮುಟ್ನಿಲ್ಲ" ಎಂದು ಅಪ್ಪ ಹೆಮ್ಮೆಯಿಂದಲೇ ಹೇಳಿದರು. ಆಮೇಲೆ ಸಾಬ್ರ ಮುಖ ನೋಡಿ, "ಯಾಕೆ, ಅಂಗೆ ಒಡೀಬಾರ್ದಿತ್ತಾ? ಒಂದ್ ಮಾತು ಹೇಳ್ಬಾರ್ದಾ ನೀವು" ಎಂದರು.

ಸಾಬ್ರು ನನ್ನ ಕಡೆ ನೋಡಿದರು. ನಾನು ಅವರ ಹಿಂದಿದ್ದ ಸ್ಟೌಗಳ ಸಾಲನ್ನು ನೋಡುತ್ತಾ ನಿಂತೆ.

"ಹೇಳೋದು ಮರ್ತೆ ಕಣಣ್ಣ" ಎಂದರು ಸಾಬ್ರು. "ನಂದೇ ತಪ್ಪು."

ಅಪ್ಪ ಏನಾದರೂ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕಾಫಿ ತರಿಸಿದರು. ನನಗೂ ಒಂದು ಲೋಟ. "ಇಂಗೆ ಮರ್ತ್ರೆ ಅಂಗ್ಡಿ ಎಂಗ್ ನಡಸ್ತೀರಾ ಸಾಬ್ರೆ" ಎಂದು ಅಪ್ಪ ನಕ್ಕರು. ಸಾಬ್ರೂ ನಕ್ಕರು.

ಆ ವರ್ಷ ಸಂತೆಗಳಲ್ಲಿ ಬಲೂನಿನ ಹಲಗೆ ಕಾಣಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲವೇನೋ. ಅಪ್ಪ ಈ ಕಥೆಯನ್ನು ಪ್ರೀತಿಯಿಂದಲೇ ಎಲ್ಲರಿಗೂ ಹೇಳಿದರು. ಕೇಳಿದವರು ಸಾಬ್ರಿಗೆ ಮರೆವಿನ ಸಾಬ್ರು ಎಂದು ಹೆಸರಿಟ್ಟರು. ಬೀಗ ರಿಪೇರಿ ಮಾಡುವವನಿಗೆ ಬರಬಾರದ ಹೆಸರು ಅದು. "ಅವ್ರ ತಾವ ಕೊಡ್ಬ್ಯಾಡ ಕಣ್ಲಾ, ಯಾರ್ ಬೀಗಕ್ಕೆ ಯಾರ್ ಕೀಲಿಯೋ" ಎಂದು ನಮ್ಮ ಊರಿನವರೇ ನಗುವುದನ್ನು ನಾನು ಕೇಳಿದ್ದೇನೆ. ಕೆಲವು ವರ್ಷಕ್ಕೆ ಅವರು ಅಂಗಡಿ ಬಿಟ್ಟು ಮನೆಯ ಜಗುಲಿಗೆ ಬಂದರು. ಅದು ಆ ಹೆಸರಿನಿಂದ ಆದದ್ದೋ, ಗ್ಯಾಸು ಬಂದು ಸ್ಟೌ ಹೋದದ್ದರಿಂದಲೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದೊಂದು ದಿನ ಗ್ಯಾಸಿನಿಂದಲೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಮರುದಿನ ಆ ಸಮಾಧಾನ ಉಳಿದಿರುವುದಿಲ್ಲ.

ಹಾಗೆಯೇ ಮೇಘನಾಳ ಪ್ರಶ್ನೆಯೂ. ಪಿಸಿಪಿ ತೆಗೆದುಕೋ, ಖಾಲಿ ಹೊಡೆದರೂ ತಡೆದುಕೊಳ್ಳುತ್ತದೆ ಎಂದು ಬೆಳಿಗ್ಗೆ ಅನ್ನಿಸುತ್ತದೆ. ಸಂಜೆಗೆ, ಸ್ಪ್ರಿಂಗ್‌ದೇ ಇರಲಿ, ತಪ್ಪು ಹೊಡೆದರೆ ಠಣ್ಣೆಂದು ಹೇಳಿಯಾದರೂ ಹೇಳುತ್ತದೆ ಅನ್ನಿಸುತ್ತದೆ. ಕೋವಿಯ ವಿಚಾರವನ್ನು ನಾನು ಕೋವಿಯ ವಿಚಾರವಾಗಿ ಯೋಚಿಸಲಾರೆ. ಅವಳ ಕೋಚು ಹೇಳಿದ್ದನ್ನು ತೆಗೆದುಕೊಳ್ಳಲಿ ಎಂದುಬಿಡುತ್ತೇನೆ.

ಎಸ್ಸೆಸ್ಸೆಲ್ಸಿ ಮುಗಿಸಿ ಹುಣಸೂರಿನ ಹೊಗೆಸೊಪ್ಪಿನ ಮಂಡಿಯಲ್ಲಿ ಕೆಲಸಕ್ಕೆ ಸೇರಿದೆ. ಮದುವೆಯಾಯಿತು, ಮಕ್ಕಳಾದರು. ಅಪ್ಪ ಇರುವ ತನಕ ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಅವರು ಹೋದ ಮೇಲೆ ಒಂದು ದಿನ ಕೆ.ಆರ್. ನಗರಕ್ಕೆ ಹೋದೆ. ಸಾಬ್ರು ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಬಿಸಿಲಿಗೆ ಕೂತಿದ್ದರು. ಕಣ್ಣು ಮಂಜಾಗಿತ್ತು. ದನಿಯಿಂದ ಗುರುತು ಹಿಡಿದರು.

"ಮಾದಪ್ಪನೋರ ಮಗನಾ? ಬಾ ಬೇಟಾ, ಕೂತ್ಕೊ" ಎಂದು ಚಾಪೆಯಲ್ಲಿ ಸರಿದು ಜಾಗ ಬಿಟ್ಟರು.

ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹೋಗಿ ಇಷ್ಟೇ ಉಳಿಯಿತು: "ಸಾಬ್ರೆ, ಆ ಕೋವಿ. ನೀವು ನನಗೆ ಹೇಳಿದ್ರಿ. ನಾನೇ ಅಪ್ಪನಿಗೆ ಹೇಳಲಿಲ್ಲ."

"ಯಾವ್ ಕೋವಿ?" ಎಂದರು. "ನಂಗೆಲ್ಲಿ ನೆಪ್ಪು ಬೇಟಾ. ಮರೆವಿನ ಸಾಬಿ ಅಲ್ವಾ ನಾನು."

ಅವರ ಮುಖದಲ್ಲಿ ಚೇಷ್ಟೆ ಇದೆಯೋ ಎಂದು ಹುಡುಕಿದೆ. ತಿಳಿಯಲಿಲ್ಲ. ನಿಜವಾಗಿಯೇ ಮರೆತಿದ್ದರೆ ಕ್ಷಮೆ ಕೇಳುವುದಾದರೂ ಹೇಗೆ? ಒಳಗಿನಿಂದ ಚಹಾ ಬಂತು, ಕುಡಿದೆವು. ಎದ್ದು ಚಪ್ಪಲಿ ಮೆಟ್ಟುವಾಗ ಕರೆದರು.

"ಆ ವರ್ಷ ಜೋಳ ಉಳೀತಾ?"

ಜೋಳದ ಮಾತನ್ನು ನಾನು ಎತ್ತಿಯೇ ಇರಲಿಲ್ಲ.

"ಉಳೀತು ಸಾಬ್ರೆ" ಎಂದೆ.

"ಅಷ್ಟೇ ಮತ್ತೆ" ಎಂದರು.

ಈಗ ಸಾಬ್ರೂ ಇಲ್ಲ. ನಮ್ಮ ಮೇಲ್ಹೊಲ ಶುಂಠಿಗೆ ಹೋಗಿದೆ, ಆ ಕಡೆ ಗಿಣಿಯ ಹಿಂಡು ಕಂಡು ಎಷ್ಟು ಕಾಲವಾಯಿತೋ. ಅದೆಲ್ಲ ಹೋದದ್ದಕ್ಕೆ ಮರುಗುವವರು ನನ್ನ ಹಾಗೆ ಬಹಳ ಜನ ಇದ್ದಾರೆ. ನನಗೆ ಮಾತ್ರ ಹೋದದ್ದು ಬೇರೆಯೇ ಒಂದಿದೆ. ನಾನು ಮಾಡಿದ್ದನ್ನು ಚೆನ್ನಾಗಿ ಬಲ್ಲವರೊಬ್ಬರು ಈ ಲೋಕದಲ್ಲಿದ್ದರು. ಗೊತ್ತಿದ್ದೂ ನನಗೆ ಕೂರಲು ಚಾಪೆಯ ಮೇಲೆ ಜಾಗ ಬಿಟ್ಟಿದ್ದರು.